ಸಾಲಿನಲ್ಲಿ ಮೂರನೆಯವರು

ಮಾರ್ಚ್ ೩, ಸೋಮವಾರ

ಮೇಷ್ಟ್ರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದು ಇವತ್ತಿಗೆ ನಾಲ್ಕು ದಿನ. ದಿನಚರಿ ಬರೆಯುವ ಜಾತಿ ನನ್ನದಲ್ಲ. ಆದರೆ ಮದುವೆಯಾದ ಇಪ್ಪತ್ತೊಂಬತ್ತು ವರ್ಷವೂ ಬೆಳಗಿನ ಟೀ ಹೊತ್ತಿಗೆ ಒಬ್ಬರ ತಲೆ ಒಬ್ಬರು ತಿಂದು ಅಭ್ಯಾಸ. ಗಂಡನನ್ನು ‘ಮೇಷ್ಟ್ರೇ’ ಎಂದು ಕರೆದು ರೇಗಿಸುವ ಹೆಂಡತಿ ನಾನೊಬ್ಬಳೇ ಇರಬೇಕು. ಈಗ ರೇಗಿಸಿದರೆ ತಿರುಗಿ ಬೈಯುವವರಿಲ್ಲ. ಔಷಧಿಯ ವೇಳೆ ಬರೆದಿಡಲು ತಂದ ನೋಟ್‌ಬುಕ್ಕಿನ ಹಿಂದಿನ ಪುಟಗಳು ಖಾಲಿ ಇದ್ದವು, ಶುರು ಮಾಡಿದ್ದೇನೆ.

ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತಂತೆ. ಬಲಗೈ ಹೋಯಿತು, ಬಲಗಾಲು ಹೋಯಿತು, ಅವುಗಳ ಜೊತೆಗೆ ಕನ್ನಡವೂ ಹೋಯಿತು. ಹುಟ್ಟಿದಾಗಿನಿಂದ ಆಡಿದ ಮಾತು ಬುಡಸಮೇತ ಕಿತ್ತುಹೋಗಿ, ಸಂಜೆ ಕಾಲೇಜಿನಲ್ಲಿ ಮೂವತ್ತು ವರ್ಷ ಕಲಿಸಿದ ಜರ್ಮನ್ ಭಾಷೆಯ ಒಂದೇ ಒಂದು ಪಾಠ ಉಳಿದಿದೆ. ನೀರು ಬೇಕೇ ಎಂದರೆ “ಗೂಟ್, ಬೆಸರ್, ಆಮ್ ಬೆಸ್ಟನ್.” ಹಾಸಿಗೆ ಬದಲಿಸಲೇ ಎಂದರೆ “ಕ್ಲೈನ್, ಕ್ಲೈನರ್, ಆಮ್ ಕ್ಲೈನ್‌ಸ್ಟನ್.” ಚಿಕ್ಕದು, ಅದಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಚಿಕ್ಕದು. ಅಷ್ಟೇ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಹೊರಡುವ ದಿನ ನನ್ನನ್ನು ಪಕ್ಕಕ್ಕೆ ಕರೆದರು. “ಇದು ಮಗ್ಗಿ ಒಪ್ಪಿಸಿದ ಹಾಗಮ್ಮ. ನಾಲಗೆ ಹೇಳುತ್ತೆ, ತಲೆ ಹೇಳಲ್ಲ. ಇಪ್ಪತ್ತೇಳನೇ ತಾರೀಕು ಮನೆಗೇ ಬಂದು ನೋಡ್ತೀನಿ. ಕೇಳಿದ್ದಕ್ಕೆ ಯೋಚನೆ ಮಾಡಿ ಒಂದೇ ಒಂದು ಉತ್ತರ ಕೊಟ್ರೂ ಸಾಕು, ನಮ್ಮ ತರಬೇತಿ ವಾರ್ಡಿಗೆ ಆರು ವಾರ ಸೇರಿಸ್ಕೋತೀವಿ. ಮಾತು ವಾಪಸ್ ಬರೋ ಕಾಲ ಇದೇ. ಇದು ತಪ್ಪಿದ್ರೆ ಕಷ್ಟ.”

ಇಪ್ಪತ್ತನಾಲ್ಕು ದಿನ ಇದೆ. ನನಗೆ ದೊಡ್ಡ ಆಸೆಯೇನಿಲ್ಲ. ನಮ್ಮ ಮಾತಿನಲ್ಲಿ ಒಂದು ಸಲ ನನ್ನನ್ನು ಕರೆಯಬೇಕು. ಬೈದು ಕರೆದರೂ ಸರಿ.

ಮಾರ್ಚ್ ೪, ಮಂಗಳವಾರ

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಮನೆಯಲ್ಲೇ ಜರ್ಮನ್ ಮೇಷ್ಟ್ರನ್ನು ಇಟ್ಟುಕೊಂಡು ಒಂದಕ್ಷರ ಕಲಿಯಲಿಲ್ಲ ನಾನು. ಹೊಸದರಲ್ಲಿ ಅವರು ಕಲಿಸಲು ಬಂದಾಗ ಆ ಭಾಷೆಯ ಗಂಟಲು ಕೆರೆತ ಕೇಳಿ ಬಿದ್ದು ಬಿದ್ದು ನಕ್ಕಿದ್ದೆ. ಇವತ್ತು ಅಲ್ಮೆರಾದಿಂದ ಅವರ ಪಾಠದ ನೋಟ್ಸು ತೆಗೆದು ಕೂತೆ.

ಕಷ್ಟವೇನಲ್ಲ. ನಮ್ಮಲ್ಲಿ ‘ದೊಡ್ಡ’ ಎನ್ನುವುದು ಯಾವತ್ತೂ ದೊಡ್ಡದೇ. ಅದಕ್ಕಿಂತ, ಎಲ್ಲಕ್ಕಿಂತ ಎಂದು ಹಿಂದೆ ಒಂದು ಮಾತು ಸೇರಿಸಿದರೆ ಮುಗಿಯಿತು, ಪದ ಜಗ್ಗುವುದಿಲ್ಲ. ಅವರಲ್ಲಿ ಪದಕ್ಕೇ ಬಾಲ ಬೆಳೆಯುತ್ತದೆ. ಎರಡನೆಯದಕ್ಕೆ ‘ಅರ್’. ಮೂರನೆಯದಕ್ಕೆ ಮುಂದೆ ‘ಆಮ್’, ಹಿಂದೆ ‘ಸ್ಟನ್’. ಕೆಲವು ಪದಗಳಿಗೆ ಎರಡನೆಯ ಮೆಟ್ಟಿಲಿನಲ್ಲೇ ಸ್ವರ ಬದಲಾಗಿ ನೆತ್ತಿಯ ಮೇಲೆ ಎರಡು ಚುಕ್ಕೆ ಬರುತ್ತವೆ. ಆಲ್ಟ್ ಹೋಗಿ ಎಲ್ಟರ್ ಆಗುತ್ತದೆ. ಅದು ವಯಸ್ಸಾದದ್ದು. ಆ ಎರಡು ಚುಕ್ಕೆ ನನ್ನನ್ನೇ ನೋಡುತ್ತಿರುವ ಹಾಗಿತ್ತು. ಕನ್ನಡಕದ ಅಂಗಡಿಯವಳಿಗೆ ಎಲ್ಲಿ ನೋಡಿದರೂ ಕಣ್ಣೇ.

ಮಾರ್ಚ್ ೬, ಗುರುವಾರ

ಮೇಷ್ಟ್ರು ಈ ಪಾಠವನ್ನು ಬೋರ್ಡಿನ ಮೇಲೆ ಮಾಡುತ್ತಿರಲಿಲ್ಲ. ಒಂದು ಸಂಜೆ ಕೊಡೆ ಕೊಡಲು ಹೋದಾಗ ಕಿಟಕಿಯಿಂದ ನೋಡಿದ್ದೆ. ಮೂವರು ವಿದ್ಯಾರ್ಥಿಗಳನ್ನು ಎಬ್ಬಿಸಿ ಸಾಲಾಗಿ ನಿಲ್ಲಿಸಿದ್ದರು. ಒಬ್ಬೊಬ್ಬರನ್ನೇ ಬೆರಳು ಮಾಡಿ ತೋರಿಸುತ್ತ ಗ್ರೋಸ್, ಗ್ರೋಸರ್, ಆಮ್ ಗ್ರೋಸ್ಟನ್. ಎತ್ತರ, ಇನ್ನೂ ಎತ್ತರ, ಎಲ್ಲರಿಗಿಂತ ಎತ್ತರ. ಕೊನೆಯವನು ನಾಚಿಕೊಂಡು ತಲೆ ತಗ್ಗಿಸಿದರೆ ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು.

ನೋಟ್ಸಿನ ಆ ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಅವರ ಕೈಬರಹ: “ಇಬ್ಬರೇ ಬಂದ ದಿನ ಈ ಪಾಠ ಬೇಡ. ಮೂರನೆಯವರು ಬರುವವರೆಗೆ ಕಾಯುವುದು.”

ಮಾರ್ಚ್ ೯, ಭಾನುವಾರ

ನಾದಿನಿ ಬಂದಿದ್ದಳು. ಶಾಲೆಯಲ್ಲಿ ಲೆಕ್ಕದ ಟೀಚರು, ಅಣ್ಣನೆಂದರೆ ಪ್ರಾಣ. ಭಾನುವಾರ, ಬುಧವಾರ ಅವಳು ಬಂದರೆ ನಾನು ಅಂಗಡಿ ಸಾಮಾನು ತರುತ್ತೇನೆ, ಸ್ನಾನ ನಿಧಾನವಾಗಿ ಮಾಡುತ್ತೇನೆ.

ಇಬ್ಬರೂ ಮಂಚದ ಬುಡದಲ್ಲಿ ನಿಂತು ಚಾದರ ಸರಿಮಾಡುತ್ತಿದ್ದೆವು. ಮೇಷ್ಟ್ರು ಎಡಗೈ ಎತ್ತಿ ಅವಳನ್ನು ತೋರಿಸಿದರು. “ಗ್ರೋಸ್.” ನನ್ನನ್ನು ತೋರಿಸಿ “ಗ್ರೋಸರ್.” ಸರಿಯೇ, ಅವಳಿಗಿಂತ ನಾನು ನಾಲ್ಕು ಬೆರಳು ಉದ್ದ. ಇದು ಮಗ್ಗಿಯಲ್ಲ, ನೋಡಿ ಹೇಳಿದ್ದು! “ಕೇಳಿದ್ಯೇನೇ?” ಎಂದು ನಾದಿನಿಯ ತೋಳು ಹಿಡಿದೆ.

ಅಷ್ಟರಲ್ಲಿ ಅವರ ಬೆರಳು ನಮ್ಮಿಬ್ಬರನ್ನೂ ದಾಟಿ ಅಲ್ಮೆರಾದ ಕಡೆ ಹೋಯಿತು. ಕಣ್ಣು ಮೇಲೆ, ಮೇಲೆ ಏರಿ ಬಾಗಿಲ ಚೌಕಟ್ಟಿನ ಎತ್ತರಕ್ಕೆ ನಿಂತಿತು.

“ಆಮ್ ಗ್ರೋಸ್ಟನ್.”

“ಅಲ್ಮೆರಾ ಎತ್ತರ ಅಂತಿದಾನೆ ಪಾಪ” ಎಂದಳು ನಾದಿನಿ.

ಇರಬಹುದು. ಆದರೆ ನಮ್ಮ ಅಲ್ಮೆರಾ ನನ್ನ ಭುಜಕ್ಕೆ ಬರುತ್ತದೆ ಅಷ್ಟೇ.

ಮಾರ್ಚ್ ೧೦, ಸೋಮವಾರ

ಕಣ್ಣು ಪರೀಕ್ಷೆಗೆ ಬಂದವರಲ್ಲಿ ಅರ್ಧ ಜನ ಸುಳ್ಳು ಹೇಳುತ್ತಾರೆ. ಕೆಟ್ಟವರೆಂದಲ್ಲ, ನಮ್ಮನ್ನು ಖುಷಿಪಡಿಸಲು. ‘ಈಗ ಹೆಚ್ಚು ಚೆನ್ನಾಗಿ ಕಾಣುತ್ತಾ?’ ಎಂದರೆ ‘ಹೂಂ ಹೂಂ’ ಎನ್ನುತ್ತಾರೆ. ಅದಕ್ಕೆ ನಾವು ಮಾಡುವ ಉಪಾಯವೊಂದಿದೆ. ಗಾಜು ತೆಗೆದ ಹಾಗೆ ಮಾಡಿ ಅದೇ ಗಾಜನ್ನು ಮತ್ತೆ ಹಾಕುವುದು. ಆಗಲೂ ‘ಇನ್ನೂ ಚೆನ್ನಾಗಿದೆ’ ಎಂದರೆ ಅವರ ಮಾತು ನೆಚ್ಚುವಂತಿಲ್ಲ. ‘ವ್ಯತ್ಯಾಸವೇನಿಲ್ಲವಲ್ಲ’ ಎಂದವರೇ ನಿಜ ಹೇಳುವವರು.

ಇವತ್ತು ಎರಡು ಲೋಟ ಹಿಡಿದೆ, ಒಂದು ದೊಡ್ಡದು, ಒಂದು ಚಿಕ್ಕದು. ಸರಿಯಾಗಿ ಹೇಳಿದರು. ಬೆನ್ನ ಹಿಂದೆ ಕೈ ಅದಲುಬದಲು ಮಾಡಿದೆ, ಆಗಲೂ ಸರಿ. ಮೂರನೆಯ ಸಲ ಒಂದೇ ಅಳತೆಯ ಎರಡು ಲೋಟ ಹಿಡಿದೆ. ಹುಬ್ಬು ಗಂಟಿಕ್ಕಿ ಬಹಳ ಹೊತ್ತು ನೋಡಿದರು. ಕೋಪವೇ ಬಂತೇನೋ, ಮೋಸ ಮಾಡುವ ವಿದ್ಯಾರ್ಥಿಯನ್ನು ನೋಡುವ ಹಾಗೆ ನನ್ನನ್ನು ನೋಡಿ “ಗ್ಲೈಶ್” ಎಂದರು. ಸಮ. ಎರಡೂ ಒಂದೇ.

ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮೇಷ್ಟ್ರು ಒಳಗೆ ಇದ್ದಾರೆ. ತಲೆ ಇದೆ, ಪೂರ್ತಿ ಇದೆ.

ಮಾರ್ಚ್ ೧೨, ಬುಧವಾರ

ನಾದಿನಿ ಬರುವುದು ಸಂಜೆಗೆ, ಬೆಳಗ್ಗೆಯಿಂದ ನಾವಿಬ್ಬರೇ. ಸ್ಪಂಜಿನಿಂದ ಮೈ ಒರೆಸುವಾಗ ನನ್ನ ಕೈ ಮುಟ್ಟಿ “ಕಾಲ್ಟ್” ಎಂದರು. ತಣ್ಣಗಿದೆಯಂತೆ. ಕಿಟಕಿಯ ಗಾಜು ತೋರಿಸಿ “ಕೆಲ್ಟರ್”. ಆಮೇಲೆ ಅಲ್ಮೆರಾದ ಕಡೆ. “ಆಮ್ ಕೆಲ್ಟೆಸ್ಟನ್.”

ಎಲ್ಲಕ್ಕಿಂತ ತಣ್ಣಗಿರುವುದು ಏನದು? ಹೋಗಿ ಕೈಯಾಡಿಸಿದೆ. ಅಲ್ಮೆರಾದ ಬಾಗಿಲು ಬಿಸಿಲಿಗೆ ಬೆಚ್ಚಗಿತ್ತು.

ಅದೇ ಜಾಗವನ್ನು ಅವರು ಇಷ್ಟು ಸಲ ಏಕೆ ತೋರಿಸುತ್ತಾರೆಂದು ಕೂತು ಅವರ ಕಣ್ಣು ನೋಡಿದೆ. ನನಗೆ ತಿಳಿದಿರುವುದು ಅದೊಂದೇ ವಿದ್ಯೆ. ದೂರ ನೋಡುವಾಗ ಎರಡು ಕಣ್ಣುಪಾಪೆಗಳ ನಡುವೆ ಹೆಚ್ಚು ಅಂತರ, ಹತ್ತಿರದ್ದನ್ನು ನೋಡುವಾಗ ಎರಡೂ ಮೂಗಿನ ಕಡೆ ಸರಿಯುತ್ತವೆ. ಕನ್ನಡಕಕ್ಕೆ ಅಳತೆ ತೆಗೆಯುವ ಪಟ್ಟಿ ನನ್ನ ಚೀಲದಲ್ಲೇ ಇರುತ್ತದೆ. ಕಿಟಕಿಯಾಚೆ ಬಸ್ ನಿಲ್ದಾಣ ನೋಡುವಾಗ ಅರವತ್ತನಾಲ್ಕು ಮಿಲಿಮೀಟರ್. ಅಲ್ಮೆರಾದ ಹಿಡಿ ನೋಡುವಾಗ ಅರವತ್ತಮೂರೂವರೆ. ‘ಆಮ್’ ಎಂದಾಗ ಅರವತ್ತಮೂರು.

ಅಂದರೆ ಅವರು ಅಲ್ಮೆರಾ ನೋಡುತ್ತಿಲ್ಲ. ಅಲ್ಮೆರಾದ ಮುಂದೆ ಇರುವ ಏನನ್ನೋ ನೋಡುತ್ತಿದ್ದಾರೆ.

ಮಾರ್ಚ್ ೧೫, ಶನಿವಾರ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಿದ್ದರು ನನಗೆ ಕೆಲಸ ಕಲಿಸಿದವರು. ಪ್ರಮಾಣಿಸಿದೆ. ಬರೀ ಕೈಯ ರೂಢಿಯಾಗಿದ್ದರೆ ಮಂಚ ಎತ್ತ ತಿರುಗಿಸಿದರೂ ಬೆರಳು ಈಗ ಅಲ್ಮೆರಾ ಇರುವ ಎಡಕ್ಕೇ ಹೋಗಬೇಕಲ್ಲ? ಮಂಚದ ಚಕ್ರದ ಬ್ರೇಕು ಬಿಡಿಸಿ ತಲೆದಿಂಬಿನ ಕಡೆಯನ್ನು ಕಿಟಕಿಗೆ ತಿರುಗಿಸಿದೆ. ಅಲ್ಮೆರಾಕ್ಕೆ ಬೆಡ್‌ಶೀಟ್ ಹೊದಿಸಿದೆ. ಅರ್ಧ ಗಂಟೆ ಬಿಟ್ಟು ನನ್ನ ಎರಡು ಸೀರೆ ಹಿಡಿದು ಕೇಳಿದೆ, ಯಾವುದು ಹಳೆಯದು ಅಂತ. “ಆಲ್ಟ್.” “ಎಲ್ಟರ್.” ಕತ್ತು ಹೊರಳಿಸಿ, ಕಷ್ಟಪಟ್ಟು ಬಲಕ್ಕೆ ತಿರುಗಿ, ಅದೇ ಜಾಗವನ್ನು, ನೆಲದ ಒಂದು ಹಾಸುಗಲ್ಲಿನ ಮೇಲೆ ಬೆರಳಿಟ್ಟ ಹಾಗೆ ತೋರಿಸಿದರು. ಅಲ್ಮೆರಾದಿಂದ ಎರಡನೆಯ ಕಲ್ಲು. “ಆಮ್ ಎಲ್ಟೆಸ್ಟನ್.”

ಎತ್ತರದಲ್ಲಿ ಎಲ್ಲರಿಗಿಂತ ಎತ್ತರ, ತಣ್ಣಗಿರುವುದರಲ್ಲಿ ಎಲ್ಲಕ್ಕಿಂತ ತಣ್ಣಗೆ, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯ. ಈ ವಯಸ್ಸಿನಲ್ಲಿ ನನಗೊಬ್ಬಳು ಸವತಿ, ಅದೂ ಕಣ್ಣಿಗೆ ಕಾಣದವಳು, ಸಾಲದ್ದಕ್ಕೆ ನನಗಿಂತ ಮುದುಕಿ! ನಗು ಬಂತು. ಜೋರಾಗಿಯೇ ನಕ್ಕೆ. ಮೇಷ್ಟ್ರು ನಗಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದರು.

ಮಾರ್ಚ್ ೧೬, ಭಾನುವಾರ

ನಾದಿನಿಗೆ ಅಳತೆಗಳನ್ನು ತೋರಿಸಿದೆ. ಲೆಕ್ಕದವಳಲ್ಲವೇ, ಅರ್ಥವಾದೀತು ಅಂದುಕೊಂಡೆ.

“ಅರ್ಧ ಮಿಲಿಮೀಟರ್ ಅತ್ತಿಗೆ! ಕೈ ನಡುಗಿದ್ರೂ ಅಷ್ಟು ಹೆಚ್ಚುಕಡಿಮೆ ಆಗುತ್ತೆ.”

“ಮೂವತ್ತು ವರ್ಷ ಆಯ್ತು ಈ ಪಟ್ಟಿ ಹಿಡಿದು. ನನ್ನ ಕೈ ನಡುಗಲ್ಲ.”

“ನಿದ್ದೆ ಮಾಡಿ ಎಷ್ಟು ದಿನ ಆಯ್ತು ನೀವು? ಕನ್ನಡಿ ನೋಡ್ಕೊಳ್ಳಿ ಒಂದ್ಸಲ.”

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವುದು ಅವಳ ಚಾಳಿ. ಒಂದು ವಾರ ಇಲ್ಲೇ ಬಂದಿರುತ್ತೇನೆ ಎಂದಳು. ಬೇಡವೆಂದೆ. ಮನೆಯಲ್ಲಿ ಜಾಗವೆಲ್ಲಿದೆ?

ಅವಳು ಬಾಗಿಲಿಗೆ ಹೋಗುವಾಗ ನೇರ ಆ ಕಲ್ಲಿನ ಮೇಲೆ ಕಾಲಿಟ್ಟು ನಡೆದಳು. ನನಗೆ ಮುಜುಗರವಾಯಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

ಮಾರ್ಚ್ ೧೯, ಬುಧವಾರ

ಅರವತ್ತೆರಡೂವರೆ. ಅಲ್ಮೆರಾದಿಂದ ಐದನೆಯ ಕಲ್ಲು.

ಮಾರ್ಚ್ ೨೦, ಗುರುವಾರ

ಟೀ ಮೂರು ಲೋಟ ಮಾಡಿದೆ. ಒಂದು ಆರಿಹೋಯಿತು. ಚೆಲ್ಲಲು ಮನಸ್ಸು ಬರಲಿಲ್ಲ, ಸಂಜೆಯವರೆಗೂ ಮೇಜಿನ ಮೇಲೇ ಇಟ್ಟಿದ್ದೆ.

ಕನ್ನಡಕದ ಅಂಗಡಿಯ ಮಾಲೀಕರು ಫೋನ್ ಮಾಡಿದ್ದರು. ಒಳ್ಳೆಯ ಮನುಷ್ಯ. “ನೀವಿಲ್ದೆ ಇಲ್ಲಿ ಕುರುಡರ ಸಂತೆ ಆಗಿದೆ ಕಣಮ್ಮ, ಯಾವಾಗ ಬರ್ತೀರಿ? ಮನೇಲಿ ಎಲ್ಲ ಹೇಗಿದಾರೆ?” “ಮೂವರೂ ಚೆನ್ನಾಗಿದ್ದೇವೆ” ಎಂದೆ. “ಎಷ್ಟು ಜನ ಅಂದ್ರಿ?” ಎಂದು ಮತ್ತೆ ಕೇಳಿದರು. ಲೈನು ಸರಿಯಿರಲಿಲ್ಲವೇನೋ.

ಮಾರ್ಚ್ ೨೩, ಭಾನುವಾರ

ಇವತ್ತು ಹೊಸ ಪದ. ಕಣ್ಣುಬಿಟ್ಟವರೇ “ನಾಹ್” ಎಂದರು. ಕನ್ನಡದ ‘ನಾ’ ಎಂದರೇನೋ ಎಂದು ಓಡಿಹೋದೆ. ಅಲ್ಲ. ನೋಟ್ಸಿನಲ್ಲಿದೆ: ನಾಹ್ ಎಂದರೆ ಹತ್ತಿರ. ನೇಯರ್, ಇನ್ನೂ ಹತ್ತಿರ. ಆಮ್ ನೇಖ್‌ಸ್ಟನ್, ಎಲ್ಲರಿಗಿಂತ ಹತ್ತಿರ. ಈ ಪದದ ನೆತ್ತಿಯ ಮೇಲೂ ಆ ಎರಡು ಚುಕ್ಕೆ ಬರುತ್ತವೆ.

ನಾದಿನಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. “ನಾಹ್.” ನಾನು ಮಂಚದ ಬುಡದಲ್ಲಿ ಕಾಲು ನೀವುತ್ತಿದ್ದೆ. “ನೇಯರ್.” ಮೂರನೆಯದಕ್ಕೆ ಕೈ ದೂರ ಹೋಗಲೇ ಇಲ್ಲ. ಮೊಣಕೈ ಮಡಿಸಿ, ಮಂಚದ ಎಡಪಕ್ಕ, ನೀರಿನ ಹೂಜಿ ಇಡುವ ಸ್ಟೂಲಿನ ಬಳಿ.

ಅರವತ್ತೆರಡು.

ಸುಳ್ಳೇಕೆ, ಹೊಟ್ಟೆ ಉರಿಯಿತು. ಹೇಲು ಉಚ್ಚೆ ಬಳಿಯುವವಳು ನಾನು, ತುತ್ತಿಡುವವಳು ನಾನು, ಎಲ್ಲರಿಗಿಂತ ಹತ್ತಿರ ಮಾತ್ರ ಇನ್ಯಾರೋ.

ಮಾರ್ಚ್ ೨೫, ಮಂಗಳವಾರ

ಸ್ಟೂಲನ್ನು ಬೇರೆಡೆ ಇಟ್ಟೆ, ಅಲ್ಲಿ ಇಕ್ಕಟ್ಟಾಗುತ್ತದೆ. ಆ ಪಕ್ಕದಿಂದ ಹೋಗುವುದನ್ನು ಬಿಟ್ಟು ಬಳಸಿಕೊಂಡು ಬಲಗಡೆಯಿಂದಲೇ ಎಲ್ಲ ಮಾಡುತ್ತೇನೆ. ಮಾತ್ರೆ ಕೊಡಲು ಎರಡು ಹೆಜ್ಜೆ ಹೆಚ್ಚು, ಅಷ್ಟೇ. ಕಿಟಕಿಯ ಪರದೆ ಎಳೆದಿದ್ದೇನೆ. ಎದುರಿನ ಇಸ್ತ್ರಿ ಅಂಗಡಿಯವರು ನೋಡಿಕೊಂಡು ನಿಲ್ಲುತ್ತಾರೆ.

ಯಾರು, ಏನು ಎಂದು ಮೊದಲು ಹೆದರಿಕೆಯಿತ್ತು. ಈಗ ಬೆಳಗ್ಗೆ ಎದ್ದ ಕೂಡಲೇ ಅಳತೆ ನೋಡದಿದ್ದರೆ ಸಮಾಧಾನವಿಲ್ಲ. ಅರವತ್ತು. ಕೈ ಚಾಚಿದರೆ ಸಿಗುವಷ್ಟು.

ಮಾರ್ಚ್ ೨೬, ಬುಧವಾರ

ನಾಳೆ ಡಾಕ್ಟರಮ್ಮ ಬರುತ್ತಾರೆ. ಇದೊಂದು ನುಂಗಲಾರದ ತುತ್ತಾಗಿದೆ. ಮೇಷ್ಟ್ರು ಖಾಲಿ ಜಾಗ ತೋರಿಸಿ ‘ಆಮ್’ ಎಂದರೆ, ಇಬ್ಬರಿರುವಲ್ಲಿ ಮೂವರನ್ನು ಎಣಿಸಿದರು, ತಲೆ ಸರಿಯಿಲ್ಲ ಎಂದು ಬರೆದುಕೊಂಡು ಹೋಗುತ್ತಾರೆ. ಅವರು ಹೇಳುವುದು ನಿಜವೆಂದು ನಾನು ವಾದಿಸಿದರೆ ನನ್ನ ತಲೆಯನ್ನೂ ಸೇರಿಸಿ ಬರೆಯುತ್ತಾರೆ.

ಡ್ರೈವಿಂಗ್ ಲೈಸೆನ್ಸಿನ ಕಣ್ಣು ಪರೀಕ್ಷೆಗೆ ಬರುವವರು ಅಕ್ಷರದ ಪಟ್ಟಿ ಬಾಯಿಪಾಠ ಮಾಡಿಕೊಂಡು ಬಂದರೆ ನಾನು ಬೈದು ಕಳಿಸುತ್ತಿದ್ದೆ. ಇವತ್ತು ಅದಕ್ಕಿಂತ ಕೆಟ್ಟ ಕೆಲಸ ಮಾಡಿದೆ. ಮೇಷ್ಟ್ರ ಬೆರಳು ಖಾಲಿ ಜಾಗಕ್ಕೆ ಹೋಗದೆ ಅವಳ ಮೇಲೆ ಬೀಳಲಿ ಎಂದು ನಾದಿನಿಯನ್ನು ಕರೆದು ಮಂಚದ ಎಡಪಕ್ಕ, ಸ್ಟೂಲು ಇದ್ದ ಕಲ್ಲಿನ ಮೇಲೆ ನಿಲ್ಲಿಸಿದೆ. “ನಾಳೆ ಪೂರ್ತಿ ಹೊತ್ತು ಇಲ್ಲೇ ನಿಂತಿರು. ಅತ್ತಿತ್ತ ಅಲ್ಲಾಡಬೇಡ.”

“ಯಾಕೆ ಇಲ್ಲೇ?”

“ಅಣ್ಣ ಪಾಸಾಗ್ಬೇಕು ತಾನೆ?”

ನಿಂತಳು ಪಾಪ. ಒಂದು ನಿಮಿಷಕ್ಕೇ ಸೆರಗು ಹೊದ್ದುಕೊಂಡಳು. “ಕಿಟಕಿ ಹಾಕಿ ಅತ್ತಿಗೆ, ಗಾಳಿ ನೇರ ಬೆನ್ನಿಗೆ ಬಡೀತಿದೆ.”

ಕಿಟಕಿ ಹಾಕಿಯೇ ಇತ್ತು.

ಮಾರ್ಚ್ ೨೭, ಗುರುವಾರ

ಮೊದಲಿನಿಂದ ಬರೆಯುತ್ತೇನೆ, ಇಲ್ಲದಿದ್ದರೆ ಕಲಸಿಹೋಗುತ್ತದೆ.

ಡಾಕ್ಟರಮ್ಮ ಹತ್ತೂವರೆಗೆ ಬಂದರು. ಚೀಲದಿಂದ ಪೆನ್ನು, ಚಮಚ, ಬಾಚಣಿಗೆ ತೆಗೆದರು. ಮೊದಲೇ ನಾನು ಫೋನಿನಲ್ಲಿ ಹೇಳಿದ್ದರಿಂದ ಅವರೂ ಆ ಪದಗಳನ್ನು ಬರೆದುಕೊಂಡು ಬಂದಿದ್ದರು. ಉದ್ದದ ಪೆನ್ನು, ಗಿಡ್ಡದ ಪೆನ್ನು, ಸರಿಯಾಗಿ ಹೇಳಿದರು ಮೇಷ್ಟ್ರು. ನನ್ನ ಉಪಾಯವನ್ನೇ ಅವರೂ ಮಾಡಿದರು, ಒಂದೇ ಥರದ ಎರಡು ಪೆನ್ನು ಹಿಡಿದರು. “ಗ್ಲೈಶ್” ಎಂದರು ಮೇಷ್ಟ್ರು, ಬೇಸರದಿಂದ, ನೂರು ಸಲ ಹೇಳಿಕೊಟ್ಟಿದ್ದೇನಲ್ಲ ಎನ್ನುವ ಹಾಗೆ. ಡಾಕ್ಟರಮ್ಮ ನಕ್ಕುಬಿಟ್ಟರು. “ಇಷ್ಟೇ ಬೇಕಿತ್ತು! ಇವರು ಒಪ್ಪಿಸ್ತಿಲ್ಲಮ್ಮ, ಯೋಚಿಸ್ತಿದಾರೆ.” ನಾದಿನಿ ನಿಂತಲ್ಲೇ ಕಣ್ಣೊರೆಸಿಕೊಂಡಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಡಾಕ್ಟರಮ್ಮನಿಗೆ ಉತ್ಸಾಹ ಬಂತು. “ಕ್ಲಾಸಲ್ಲಿ ಮೂವರನ್ನ ನಿಲ್ಲಿಸ್ತಿದ್ರು ಅಂದ್ರಲ್ಲ, ನಾವೂ ನಿಲ್ಲೋಣ” ಎಂದು ತಾವು ಬಾಗಿಲ ಬಳಿ ಹೋದರು. ನಾದಿನಿ ಎಡಪಕ್ಕದಲ್ಲಿ. ನಾನು ದಿಂಬಿನ ಬಳಿ ಬಲಗಡೆ, ಅವರ ಮುಖಕ್ಕೆ ಎರಡು ಅಡಿ.

ಬಾಗಿಲ ಕಡೆ ಬೆರಳು. “ನಾಹ್.”

ನಾದಿನಿ ಕಡೆ. “ನೇಯರ್.”

ನನ್ನ ಲೆಕ್ಕ ತಪ್ಪಿತು. ಆ ಜಾಗ ಎರಡನೆಯದಾಯಿತು. ಬೆರಳು ಮೆಲ್ಲಗೆ ನನ್ನ ಕಡೆ ತಿರುಗಿತು. ಇಷ್ಟು ದಿನದಲ್ಲಿ ಮೊದಲ ಸಲ ಅವರ ಕಣ್ಣಲ್ಲಿ ನೀರಿತ್ತು.

“ಆಮ್ ನೇಖ್‌ಸ್ಟನ್.”

“ನೀವೇ ಅಮ್ಮ! ನೀವೇ ಎಲ್ಲರಿಗಿಂತ ಹತ್ತಿರ ಅಂತಿದಾರೆ” ಎಂದು ಡಾಕ್ಟರಮ್ಮ ಕೈ ತಟ್ಟಿದರು.

ನಾನು ಪಟ್ಟಿ ತೆಗೆದೆ. ಅಭ್ಯಾಸ. ಐವತ್ತೇಳು. ನಾನು ನಿಂತ ದೂರಕ್ಕೆ ಅರವತ್ತೊಂದರ ಮೇಲೆ ಬರಬೇಕು. ಐವತ್ತೇಳೆಂದರೆ ಮುಖದಿಂದ ಒಂದು ಗೇಣು. ನನ್ನ ಕಡೆ ತೋರಿಸಿದ್ದು ನಿಜ, ನೋಡಿದ್ದು ನನ್ನನ್ನಲ್ಲ.

“ನಾನಲ್ಲ ಡಾಕ್ಟ್ರೇ. ನಮ್ಮಿಬ್ಬರ ನಡುವೆ ಇದಾರೆ” ಎಂದೆ. ಅವರು ಹೇಳಿದ್ದನ್ನು ಸರಿಯಾಗಿ ಬರೆದುಕೊಳ್ಳಲಿ ಎಂದು ಹೇಳಿದ್ದು, ಬೇರೇನಲ್ಲ.

ಡಾಕ್ಟರಮ್ಮ ಬಾಗಿಲ ಬಳಿಯಿಂದ ಬಂದು ನನ್ನನ್ನು ಕೂರಿಸಿ ಪಕ್ಕದಲ್ಲಿ ಕೂತರು. ಮೆದು ದನಿಯಲ್ಲಿ ಮಾತಾಡಿದರು. ಮೂವತ್ತು ವರ್ಷ ಮೂವರನ್ನು ನಿಲ್ಲಿಸಿದ ಕೈ, ಇಬ್ಬರೇ ಇದ್ದರೂ ಮೂರನೆಯ ಜಾಗ ಹುಡುಕುತ್ತದಂತೆ. ಕಣ್ಣಿನ ಸ್ನಾಯು ಸೋತಾಗ ಪಾಪೆ ಒಳಕ್ಕೆ ವಾಲುತ್ತದಂತೆ. ನನಗೆ ಕಣ್ಣಿನ ಪಾಠ! ಹೂಂ ಎಂದೆ. ಆಮೇಲೆ ಇವತ್ತು ಯಾವ ವಾರ, ರಾತ್ರಿ ಎಷ್ಟು ಗಂಟೆ ಮಲಗುತ್ತೀರಿ, ಮನೆಯಲ್ಲಿ ಎಷ್ಟು ಜನ ಎಂದೆಲ್ಲ ಕೇಳಿದರು. ವಾರ್ಡಿಗೆ ಸೇರಿಸುವ ಕಾಗದಕ್ಕೆ ಬೇಕಿರಬೇಕು. ಗುರುವಾರ, ಎರಡು ಗಂಟೆ, ಮೂವರು ಎಂದೆ.

ನಾದಿನಿ ಯಾಕೋ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು.

ಮಾರ್ಚ್ ೨೮, ಶುಕ್ರವಾರ

ಮೇಷ್ಟ್ರು ಪಾಸು! ಸೋಮವಾರ ಆಸ್ಪತ್ರೆಯ ಗಾಡಿ ಬರುತ್ತದೆ. ನಾನು ಜೊತೆಗೆ ಹೋಗಿ ಅಲ್ಲೇ ಒಂದು ವಾರ ಇರಬಹುದಂತೆ, ವಾರ್ಡಿನಲ್ಲಿ ಒಬ್ಬರಿಗೆ ಜಾಗ ಕೊಡುತ್ತಾರೆ. ನನ್ನನ್ನೂ ಬುಧವಾರ ಯಾರೋ ಇನ್ನೊಬ್ಬ ಡಾಕ್ಟರು ಮಾತಾಡಿಸಬೇಕಂತೆ. ಕಾಯಿಲೆಯವರ ಮನೆಯವರಿಗೆಲ್ಲ ಹೀಗೆ ಮಾಡುತ್ತಾರಂತೆ, ನಾದಿನಿ ಹೇಳಿದಳು. ಅವಳು ಎರಡು ದಿನದಿಂದ ನನ್ನನ್ನು ಗಾಜಿನ ಸಾಮಾನಿನ ಹಾಗೆ ಹಿಡಿಯುತ್ತಿದ್ದಾಳೆ.

ಒಬ್ಬರಿಗೇ ಜಾಗ ಎಂದರೆ ಹೇಗೆ? ಯೋಚಿಸಬೇಕು.

ಮಾರ್ಚ್ ೩೦, ಭಾನುವಾರ

ಅಳತೆ ತೆಗೆಯಲು ಪಟ್ಟಿ ಹಿಡಿದರೆ ಮೇಷ್ಟ್ರು ಎಡಗೈಯಿಂದ ಪಟ್ಟಿಯನ್ನು ಸರಿಸಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಬಿಡಲಿಲ್ಲ. ತುಟಿ ಏನೋ ಹುಡುಕುತ್ತಿತ್ತು, ಬೆವರಿಬಿಟ್ಟರು. ಕೊನೆಗೆ ಕೈ ಬಿಡಿಸಿಕೊಂಡೆ. ಅವರಿಬ್ಬರ ನಡುವೆ ನಾನು ಹೀಗೆ ಅಡ್ಡ ನಿಲ್ಲುವುದು ಚೆನ್ನಲ್ಲ.

ಮಾರ್ಚ್ ೩೧, ಸೋಮವಾರ

ಹೋದರು.

ಫಾರಂ ತುಂಬಲು ನಾದಿನಿ ಮುಂಚೆಯೇ ಆಸ್ಪತ್ರೆಗೆ ಹೋಗಿದ್ದಳು. ಗಾಡಿ ಒಂಬತ್ತಕ್ಕೆ ಬಂತು. ಇಬ್ಬರು ಸೇರಿ ಮೇಷ್ಟ್ರನ್ನು ಕುರ್ಚಿಯಲ್ಲಿ ಮೆಟ್ಟಿಲಿಳಿಸಿ ಗಾಡಿಯೊಳಗಿನ ಹಾಸಿಗೆಗೆ ಬದಲಾಯಿಸಿದರು. ನಾನು ಹಿಂದಿನ ಬಾಗಿಲ ಬಳಿ ನನ್ನ ಬ್ಯಾಗು ಹಿಡಿದು ನಿಂತಿದ್ದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಇಪ್ಪತ್ತೊಂಬತ್ತು ವರ್ಷದ ಮನೆ ಮಹಡಿಯಲ್ಲಿ ಪರದೆ ಎಳೆದುಕೊಂಡು ಕೂತಿತ್ತು.

ಮೇಷ್ಟ್ರು ತಲೆ ಎತ್ತಿದರು. ಎಡಗೈ ಮುಂದೆ ಚಾಚಿದರು. ಬಾಯಿ ಎರಡು ಸಲ ತೆರೆದು ಮುಚ್ಚಿತು.

“ಬಾ.”

ಕನ್ನಡ! ಸ್ಪಷ್ಟವಾಗಿ, ಮೊದಲಿನದೇ ದನಿಯಲ್ಲಿ. ಮಾತು ಬಂದುಬಿಟ್ಟಿದೆ, ಇನ್ನು ಪರವಾಗಿಲ್ಲ, ಇನ್ನು ಬದುಕುತ್ತಾರೆ ಎಂದು ಎಷ್ಟು ಸಂತೋಷವಾಯಿತೆಂದರೆ ಬ್ಯಾಗು ಕೆಳಗಿಟ್ಟು ಗಾಡಿಯ ಬಾಗಿಲು ಹಿಡಿದುಕೊಂಡೆ.

“ಅಮ್ಮಾ, ನಿಮ್ಮನ್ನ ಕರೀತಿದಾರೆ” ಎಂದ ಗಾಡಿಯವನು.

ಅವನಿಗೆ ಏನು ಗೊತ್ತು? ನಾನು ಬ್ಯಾಗು ಎತ್ತಿಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

“ಬಾ” ಎಂದರು ಮತ್ತೆ, ಜೋರಾಗಿ. ಕೈ ಇನ್ನೂ ಚಾಚಿಯೇ ಇತ್ತು. ಮುಖ ಅಳುವ ಹಾಗಾಯಿತು.

“ಅವಸರ ಮಾಡ್ಬೇಡಿ ಮೇಷ್ಟ್ರೇ, ಬರ್ತಾರೆ. ಮೆಟ್ಟಿಲು ಎತ್ತರ ಇದೆ ಅಲ್ವಾ” ಎಂದು ಸಮಾಧಾನ ಹೇಳಿದೆ. ಹತ್ತಲು ಬೇಕಾಗುವಷ್ಟು ಹೊತ್ತು ಕಾದೆ.

ಗಾಡಿಯವನು ನನ್ನನ್ನೇ ನೋಡುತ್ತಿದ್ದ. “ಜೊತೆಗೆ ಬರೋರು ಹತ್ತಿ ಅಮ್ಮ. ಒಬ್ಬರಿಗೆ ಸೀಟಿದೆ.”

“ಹತ್ತಿದ್ದಾಯ್ತಲ್ಲಪ್ಪ” ಎಂದೆ.

ಅವನು ಒಳಗೊಮ್ಮೆ ಇಣುಕಿದ, ನನ್ನನ್ನೊಮ್ಮೆ ನೋಡಿದ, ಆಮೇಲೆ ಬಾಗಿಲು ಹಾಕಿದ.